ಪೂರ್ತಿ ಲೋಟ ಕೇಳಿದ ದಿನ

“ಇವತ್ತು ಬೈಟು ಬೇಡ, ಎರಡು ಫುಲ್ ಟೀ ಹೇಳು” ಎಂದರು ಹುಂಚದ ಶೀನಣ್ಣ. ಕೋಣಂದೂರು ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಾನು ಕಕ್ಕಾಬಿಕ್ಕಿಯಾದೆ. ಹಳೆ ಮನೆಗಳ ಬಾಗಿಲು, ಕಿಟಕಿ ಕೊಂಡು ಮಾರುವವನು ನಾನು. ಮರ ನೋಡಿ ಒಳ್ಳೆಯದೋ ಕೆಟ್ಟದ್ದೋ ಹೇಳುವವರು ಅವರು. ಇಪ್ಪತ್ತು ವರ್ಷಗಳಿಂದ ಪ್ರತಿ ಗುರುವಾರ ಮಧ್ಯಾಹ್ನ ಒಂದೇ ಟೀಯನ್ನು ಎರಡು ಲೋಟ ಮಾಡಿಸಿಕೊಂಡು ಮಾತು ಮುಗಿಸಿದವರು ನಾವು.

“ಬೇಡ ಮಾರಾಯ್ರೆ. ಪೂರ್ತಿ ಲೋಟ ಮುಗಿಯೋದ್ರೊಳಗೆ ಆರಿಹೋಗ್ತದೆ. ಬೇಕಾದ್ರೆ ಆಮೇಲೆ ಇನ್ನೊಂದು ಬೈಟು ಹೇಳಿದ್ರಾಯ್ತು” ಎಂದು ನನ್ನ ಎಂದಿನ ಉಪಾಯ ಹೇಳಿದೆ.

“ಟೀಯಲ್ಲೂ ಚೌಕಾಸಿನಾ ನಿಂದು? ಆಯ್ತು, ನೀನೇ ಗೆದ್ದೆ ಬಿಡು” ಎಂದು ನಕ್ಕು, ಅರ್ಧ ಲೋಟ ಕುಡಿದು ಬಸ್ಸು ಹತ್ತಿದರು.

ಮರುದಿನ ಅವರಿಗೆ ಹೃದಯದ ಆಪರೇಷನ್ ಇತ್ತೆಂದು ನನಗೆ ತಿಳಿದದ್ದು ಸಾವಿನ ಮನೆಯಲ್ಲಿ. ಮುಂದಿನ ಗುರುವಾರ ನಾನು ಬಾಯಿ ತೆರೆಯುವ ಮೊದಲೇ ಹೋಟೆಲಿನವರು ರೂಢಿಯಂತೆ ಎರಡು ಅರ್ಧ ಲೋಟ ತಂದಿಟ್ಟರು. ಎರಡೂ ಅಲ್ಲೇ ಆರಿದವು.

ಊರಿಗೆಲ್ಲ ಬುದ್ಧಿ ಹೇಳುವವನು ನಾನು, ಇದನ್ನೂ ಹೇಳುತ್ತೇನೆ: ಜೊತೆಯಲ್ಲಿ ಕೂತವರು ಎಂದೂ ಕೇಳದ್ದನ್ನು ಕೇಳಿದರೆ ಚೌಕಾಸಿ ಮಾಡಬೇಡಿ. ಯಾಕೆ ಎಂದು ಕೇಳಿ.