ಎರಡನೆಯ ಕೂಗು

ನರಹರಿ ತೀರಿಕೊಂಡರು. ತೊಂಬತ್ಮೂರರ ಬೇಸಿಗೆಯ ಒಂದು ಮಧ್ಯಾಹ್ನ, ನಾಸಿಕದ ಪಂಚವಟಿಯ ಬಾಡಿಗೆ ಮನೆಯಲ್ಲಿ, ನಲ್ಲಿಯ ಹತ್ತಿರ ಕುಸಿದವರು ಮತ್ತೆ ಏಳಲಿಲ್ಲ. ಹೃದಯಾಘಾತ ಎಂದರು ಡಾಕ್ಟರು. ಆಗ ಜೊತೆಗಿದ್ದವನು ಗೆಳೆಯ ವೈಜನಾಥ ಒಬ್ಬನೇ.

ನರಹರಿ ಧಾರವಾಡದಿಂದ ವರ್ಗವಾಗಿ ಬಂದ ಕೇಂದ್ರ ಸರ್ಕಾರದ ನೌಕರರು. ಬೀದರದ ವೈಜನಾಥನಿಗೆ ಔರಂಗಾಬಾದಿನ ಚಿಕಲಠಾಣಾದಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕೆಲಸ. ಬಸ್ ಸ್ಟ್ಯಾಂಡಿನಲ್ಲಿ ಕನ್ನಡ ಕಿವಿಗೆ ಬಿದ್ದು ಆದ ಪರಿಚಯ ಹಬ್ಬದೂಟದ ತನಕ ಬೆಳೆದಿತ್ತು.

ನರಹರಿಯ ಮನೆಗೆ ಒಂದು ಹಲಗೆಯನ್ನು ತಂದುಕೊಟ್ಟವನೂ ವೈಜನಾಥನೇ. ಒಂದೇ ಹಸಿರು ಹಲಗೆಯ ಮೇಲೆ ಇಡೀ ಕಂಪ್ಯೂಟರ್. ಪರದೆ ಇಲ್ಲ, ಡಬ್ಬಿ ಇಲ್ಲ. ಒಂದಿಷ್ಟು ಗುಂಡಿ, ಕೆಂಪಗೆ ಉರಿಯುವ ಅಂಕಿ. ಅದು ಮಾಡಬೇಕಾದ್ದನ್ನು ಅಂಕಿ ಅಕ್ಷರಗಳಲ್ಲಿ ಒಂದೊಂದಾಗಿ ಒತ್ತಿ ಹೇಳಬೇಕು. ಕರೆಂಟು ಹೋಯಿತೋ, ಎಲ್ಲ ಮರೆತುಬಿಡುತ್ತದೆ. ಅದಕ್ಕೇ ಪಕ್ಕದಲ್ಲೊಂದು ಸ್ಕೂಟರ್ ಬ್ಯಾಟರಿ.

ನಲ್ಲಿಯ ನೀರಿಗೆ ಕಾಯ್ದು ಕಾಯ್ದು ನರಹರಿಯ ಹೆಂಡತಿ ಮಂದಾಕಿನಿಗೆ ಸಾಕಾಗಿತ್ತು. ಬಕೆಟ್ಟಿಗೆ ಇಳಿಬಿಟ್ಟ ತಂತಿಗೆ ನೀರು ತಾಗಿದ ಕೂಡಲೇ ಬಜರ್ ಬೆನ್ನುಬೆನ್ನಿಗೆ ಎರಡು ಸಲ ಕೂಗಬೇಕು, ಇಷ್ಟೇ ಕೆಲಸ. ಕಾಗದದ ಮೇಲಿದ್ದ ಅಂಕಿ ಅಕ್ಷರಗಳನ್ನು ನರಹರಿ ಓದಿದರು, ಅವಳು ಒತ್ತಿದಳು.

"ಮೂರು, ಇ. ಸೊನ್ನೆ, ಎರಡು..."

"ಸಾವಕಾಶ ಹೇಳ್ರಿ. ಮಂತ್ರಪುಷ್ಪ ಏನಿದು?"

ನೀರು ಬಂತು, ಬಜರ್ ಒಮ್ಮೆ ಕೂಗಿ ಸುಮ್ಮನಾಯಿತು. ಕೆಟ್ಟಿತೆಂದು ಅದನ್ನು ಬಿಟ್ಟು ಚಹಾ ಸೋಸುತ್ತಿದ್ದಾಗ ಮತ್ತೊಮ್ಮೆ ಕೂಗಿತು.

ವೈಜನಾಥ ನಕ್ಕ. "ವೈನಿ, ಎಲ್ಲೋ ಒಂದು ಗುಂಡಿ ತಪ್ಪಿ ಒತ್ತೀರಿ. ತಿದ್ದತೀನಿ ತಡೀರಿ."

"ಬ್ಯಾಡ ಬಿಡ್ರಿ. ಒಂದ ಸಲ ಕರದು ಸುಮ್ಮನಾಗೋದು ದೆವ್ವ. ನಮ್ಮವ್ವ ಎರಡನೇ ಕೂಗು ಕೇಳೋತನಕ ಓ ಅಂತಿದ್ದಿಲ್ಲ. ಇದು ಎರಡು ಸಲ ಕರೀತದ, ಮನಷ್ಯಾರ ಪೈಕಿ."

"ನಿಮ್ಮವ್ವನ ಪೈಕಿ ಅನ್ನು," ಎಂದರು ನರಹರಿ. "ಅಕೀನೂ ಹಿಂಗ. ಒಮ್ಮೆ ಕರದು, ನಿದ್ದಿ ಹತ್ತಿದ ಮ್ಯಾಲ ಮತ್ತೊಮ್ಮೆ."

ಮುಂದಿನ ಮಳೆಗಾಲದಲ್ಲಿ ಕಾಮಾಲೆಯಾಗಿ ಮಂದಾಕಿನಿ ಹೋದಳು. ಗೋದಾವರಿಯ ರಾಮಕುಂಡದಲ್ಲಿ ಕರ್ಮ ಮುಗಿಸಿ ಬಂದು ಎಲ್ಲರೂ ಕೂತಿದ್ದಾಗ ಬಜರ್ ಕೂಗಿತು. ನರಹರಿ ಅಲುಗಲಿಲ್ಲ. ಎರಡನೆಯ ಕೂಗಿಗೆ "ಬಂದೆ" ಎಂದು ಎದ್ದು ಒಳಗೆ ಹೋದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅದೇ ರೂಢಿಯಾಯಿತು. ನೀರು ಪೋಲಾದರೂ ಸರಿ, ಅವಳು ಎರಡನೆಯ ಸಲ ಕರೆಯಬೇಕು, ಇವರು ಓಗೊಡಬೇಕು.

ಬ್ಯಾಟರಿ ಇಳಿದೀತೆಂದು ಅವರು ಧಾರವಾಡಕ್ಕೂ ಹೋಗುತ್ತಿರಲಿಲ್ಲ.

"ಬ್ಯಾರೆ ಚಿಪ್ ಮ್ಯಾಲ ಹಾಕಿಕೊಡತೀನ್ರಿ," ಎಂದ ವೈಜನಾಥ. "ವೈನಿಯವರ ತಪ್ಪು ಸಹಿತ ಹಂಗ ಇರತದ. ಕರೆಂಟ್ ಹೋದ್ರೂ ಮರಿಯಂಗಿಲ್ಲ."

"ಅದು ನೀ ಬರದದ್ದು ಆಗ್ತದೋ. ಇದು ಅಕೀ ಬೆರಳು."

ವೈಜನಾಥ ಮತ್ತೆ ಆ ಮಾತೆತ್ತಲಿಲ್ಲ. ತೊಂಬತ್ಮೂರರ ಆ ಬೇಸಿಗೆಯಲ್ಲಿ, ಬ್ಯಾಟರಿ ನಿಲ್ಲುತ್ತಿಲ್ಲವೆಂದು ನರಹರಿ ಫೋನ್ ಮಾಡಿದಾಗ, ಹೊಸದೊಂದನ್ನು ತೊಡೆಯ ಮೇಲಿಟ್ಟುಕೊಂಡು ಎಸ್‌ಟಿ ಬಸ್ಸಿನಲ್ಲಿ ಬಂದ. ಮುಂಜಾನೆಯಿಂದ ಕರೆಂಟ್ ಇರಲಿಲ್ಲ. ಕೆಂಪು ಅಂಕಿಗಳು ಬೂದಿ ಮುಚ್ಚಿದ ಕೆಂಡದ ಹಾಗೆ ಮಂಕಾಗಿದ್ದವು. ಅವನು ಹೊಸ ಬ್ಯಾಟರಿಯ ತಂತಿ ಜೋಡಿಸಬೇಕು ಅನ್ನುವಷ್ಟರಲ್ಲಿ ನಲ್ಲಿ ಬುಸ್ಸೆಂದಿತು. ಬಜರ್ ಸಣ್ಣಗೆ ಕೂಗಿತು. ಅಂಕಿಗಳು ಒಮ್ಮೆ ನಡುಗಿ ಆರಿಹೋದವು.

ಇಬ್ಬರೂ ಕಾದರು. ಬಕೆಟ್ ತುಂಬಿ ಚೆಲ್ಲಿ, ನೀರು ಅಡುಗೆಮನೆಯ ಹೊಸ್ತಿಲು ದಾಟಿ ಬಂತು. ಎರಡನೆಯ ಕೂಗು ಬರಲಿಲ್ಲ.

"ಹೋತ್ರಿ," ಎಂದ ವೈಜನಾಥ.

ನರಹರಿ ಒಳಗಿನ ಕತ್ತಲೆಯನ್ನೇ ನೋಡುತ್ತಿದ್ದರು.

"ಕರದಳಲ್ಲೋ, ಒಂದ ಸಲ," ಎಂದರು. ಪಂಚೆ ಎತ್ತಿಕಟ್ಟಿ, ಬರಿಗಾಲನ್ನು ಆ ನೀರಿನಲ್ಲಿಟ್ಟು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ "ಬಂದೆ" ಎಂದರು.