ತಣ್ಣೀರಿನ ಎಲ್ಸಮ್ಮ

ಎಲ್ಸಮ್ಮನನ್ನು ನೆನೆದರೆ ನನ್ನ ಕಣ್ಣಿಗೆ ಕಟ್ಟುವುದು ಅವಳ ಒದ್ದೆ ಸೀರೆ. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಂಚು ಕೂದಲು ಕೆನ್ನೆಗೆ ಅಂಟಿರುತ್ತಿತ್ತು. ಹಾಗೇ ಆಸ್ಪತ್ರೆಗೆ ಬಂದು, "ಕಂಪೌಂಡ್ರೇ, ಗುಳಿಗೆ ಕೊಡಿ, ಇನ್ನೂ ನಾಕ್ ಮನೆ ಅದೆ" ಎನ್ನುತ್ತಿದ್ದಳು. ಬಿಳಿ ಹುಡುಗಿಯ ಬಾಯಲ್ಲಿ ಅಂತರಸಂತೆಯ ಮಾತು!

ಮಹಾರಾಜರ ಕಾಲದಲ್ಲಿ ಹೆಗ್ಗಡದೇವನಕೋಟೆ ಸೀಮೆಗೆ ವರ್ಗ ಎಂದರೆ ಶಿಕ್ಷೆ. ಚಳಿಜ್ವರದ ಕಾಡು. ಮೇಲಿನವರಿಗೆ ಎದುರಾಡಿ ಅಲ್ಲಿನ ಅಂತರಸಂತೆಯ ಆಸ್ಪತ್ರೆಗೆ ಕಂಪೌಂಡರನಾಗಿ ಬಂದು ಬಿದ್ದವನು ನಾನು. ವಾಪಸು ಕರೆಸಿಕೊಂಡಾರೆಂದು ಟಪಾಲಿನವನ ದಾರಿ ಕಾದು ಕಾದು ಬೇಸತ್ತಿದ್ದೆ. ಅಂಥ ಊರಿಗೆ ಇವಳು ಇಂಗ್ಲೆಂಡಿನಿಂದ ಹಡಗು ಹತ್ತಿ, ರೋಗಿಗಳ ಸೇವೆಗೆಂದು, ಸಂಬಳವಿಲ್ಲದೆ, ತಾನಾಗಿ ಕೇಳಿಕೊಂಡು ಬಂದಿದ್ದಳು. ಇಪ್ಪತ್ತೆರಡು ವಯಸ್ಸಿದ್ದೀತು. ಹೆಸರು ಎಲ್ಸಿ, ಜನ ಎಲ್ಸಮ್ಮ ಮಾಡಿಕೊಂಡರು. "ನಿಮಗೇನು ತಲೆ ಕೆಟ್ಟಿತ್ತೇನಮ್ಮ?" ಎಂದು ಕೇಳಿದರೆ ನಕ್ಕುಬಿಟ್ಟಳು.

ಬೂಟು ಬಿಟ್ಟಳು, ಸೀರೆ ಉಟ್ಟಳು, ನೆಲದ ಮೇಲೆ ಚಕ್ಕಳಮಕ್ಕಳ ಕೂರುವುದು ಕಲಿತಳು. ಚಳಿಜ್ವರದ ಕ್ವಿನೈನ್ ಗುಳಿಗೆ ಕಹಿಯೆಂದು ಜನ ದವಡೆಯಲ್ಲಿಟ್ಟು ಆಮೇಲೆ ಉಗಿಯುತ್ತಿದ್ದರು. ಇವಳು ಬಿಡುತ್ತಿರಲಿಲ್ಲ. "ಬಾಯ್ ತೆಗಿ, ನಾಲ್ಗೆ ಎತ್ತು!" ಒಮ್ಮೆ ತಾಲ್ಲೂಕಿನ ಅಮಲ್ದಾರರಿಗೂ ಹಾಗೇ ಅಂದುಬಿಟ್ಟಳು. ಪಾಪ, ಅವರೂ ಎತ್ತಿದರು.

ಒಂದು ದಿನ ಸಾವಿನ ಮನೆಯೊಂದರಲ್ಲಿ ಕೂತು ಸತ್ತ ಮಗುವಿನ ತಾಯಿಯನ್ನು ಸಂತೈಸಿ, ಅಲ್ಲಿಂದ ನೇರ ಕೆಂಪಮ್ಮನ ಮನೆಗೆ ಹೋದಳು. ಕೆಂಪಮ್ಮನ ಮಗಳು ಪುಟ್ಟಿ ಜ್ವರದಲ್ಲಿ ನಡುಗುತ್ತಿದ್ದಳು. ಕೆಂಪಮ್ಮ ಹೊಸಲಲ್ಲೇ ತಡೆದಳು. "ಸಾವಿನ್ ಮನೆಯಿಂದ ಅಂಗೇ ಬಂದ್ಯಾ? ತಲೆ ಮ್ಯಾಲೆ ನೀರ್ ಉಯ್ಕಳ್ದೆ ನನ್ ಮಗೀನ ಮುಟ್ತೀಯಾ? ನಡಿ ಆಚೆ!" ಸಂಜೆಯೊಳಗೆ ಇಡೀ ಬೀದಿ ಎಲ್ಸಮ್ಮನಿಗೆ ಬಾಗಿಲು ಹಾಕಿತು.

"ಬಿಡಿ ಅಮ್ಮ, ಬೇಡ ಅಂದರೆ ಅವರ ಹಣೆಬರಹ" ಎಂದೆ. ನನಗಂತೂ ಸಾಕಾಗಿತ್ತು.

"ಉಯ್ಕಂಡ್ರೆ ನಂದೇನ್ ಓಯ್ತದೆ ಕಂಪೌಂಡ್ರೇ? ಪುಟ್ಟಿ ಸಾಯ್ತಾಳೆ" ಎಂದವಳೇ ಬಾವಿಗೆ ಹೋಗಿ ಉಟ್ಟ ಸೀರೆಯಲ್ಲೇ ಕೊಡ ಸುರಿದುಕೊಂಡಳು. ನೀರಿಳಿಸುತ್ತಾ ಬಾಗಿಲಲ್ಲಿ ನಿಂತವಳನ್ನು ಕಂಡು ಕೆಂಪಮ್ಮ ಪಕ್ಕಕ್ಕೆ ಸರಿದಳು. ಪುಟ್ಟಿ ಬದುಕಿಕೊಂಡಳು.

ಆ ವರ್ಷ ಸಾವಿಗೆ ಬಿಡುವಿರಲಿಲ್ಲ. ಒಂದೊಂದು ಸಾವಿಗೂ ಹೋಗುವಳು, ಕೂರುವಳು, ಬಾವಿಯಲ್ಲಿ ಮಿಂದು ಒದ್ದೆಯಲ್ಲೇ ಮುಂದಿನ ಮನೆಗೆ ನಡೆಯುವಳು. ನೋಡಿ ನೋಡಿಯೇ ನನಗೆ ಸುಸ್ತು. "ಸತ್ತವರ ಮನೆಯಲ್ಲಿ ನಿಮಗೇನಮ್ಮ ಕೆಲಸ? ಹೋಗಲೇಬೇಡಿ" ಎಂದೆ.

"ಗುಳಿಗೆ ಕೊಡಕ್ ಓಗಿದ್ದೋಳು, ಅವ್ರು ಅಳೋವಾಗ ಓಗ್ದೆ ಇರದಾ?" ಎಂದಳು.

ಮಾಗಿಯ ಚಳಿ ಬಂದಾಗ ಕೆಂಪಮ್ಮನಿಗೆ ತಡೆಯಲಾಗಲಿಲ್ಲ. "ತಣ್ಣೀರ್ ಉಯ್ಕಂಡು ಸತ್ತೋಯ್ತೀಯ ಕಣವ್ವ. ನಮ್ ಇತ್ಲಲ್ಲಿ ಅಂಡೆ ಅದೆ, ಬಿಸ್ನೀರ್ ಕಾಸ್ತೀನಿ, ಅಲ್ಲೇ ಉಯ್ಕ" ಎಂದು ಗದರಿದಳು. ಅಂದಿನಿಂದ ಊರಲ್ಲಿ ಸಾವಾದರೆ ಅವಳ ಹಿತ್ತಲಲ್ಲಿ ಹೊಗೆಯೇಳುತ್ತಿತ್ತು. ಅಷ್ಟರಲ್ಲಿ ತಡವಾಗಿತ್ತು. ಎಲ್ಸಮ್ಮನಿಗೆ ಚಳಿಜ್ವರ ಹತ್ತಿತು, ಎದೆಯಲ್ಲಿ ಕಫ ಕಟ್ಟಿತು. ಮೈಸೂರಿಗೆ ಕಳಿಸಲು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದೆವು. "ಅಗಸರ ಮನೆ ಮಗೀಗೆ ಗುಳಿಗೆ ಮರೀಬ್ಯಾಡಿ" ಎಂದಳು ನನಗೆ. ಅವಳ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದೇ.

ವಾರ ಕಳೆದು ಗಾಡಿಯವನು ಎಲ್ಸಮ್ಮ ತೀರಿಕೊಂಡ ಸುದ್ದಿ ತಂದ. ಹೇಳಬೇಕಲ್ಲ ಎಂದು ಕಾಲೆಳೆದುಕೊಂಡು ಕೆಂಪಮ್ಮನ ಹಿತ್ತಲಿಗೆ ಹೋದೆ. ಹಂಡೆಯಡಿ ಉರಿ ಮಾಡುತ್ತಿದ್ದಳು. "ಮೇಗಲ್ ಬೀದೀಲಿ ಸಾವಾಗದೆ. ಎಲ್ಸಮ್ಮ ವಾಸಿಯಾಗಿ ಬಂದ್ರೆ ನೀರ್ ಬೇಕಲ್ವರಾ?" ಎಂದಳು.

ಹೇಳಿದೆ.

ಕೆಂಪಮ್ಮ ಎದ್ದು ಉರಿಯುತ್ತಿದ್ದ ಸೌದೆ ಹೊರಗೆಳೆದಳು. "ಪುಟ್ಟೀ, ಬಾವ್ವ ಇಲ್ಲಿ" ಎಂದು ಮಗಳನ್ನು ಕರೆದು ಚೊಂಬು ಅದ್ದಿದಳು.

"ಈಗೇಕಮ್ಮ ಮಗುವಿಗೆ ಸ್ನಾನ?" ಎಂದೆ.

"ಅವ್ಳ್ ಅಕ್ಕ ಸತ್ತವ್ಳೆ ಕಣ್ರೀ" ಎಂದು ಮಗಳ ತಲೆಗೆ ನೀರು ಹುಯ್ದಳು.