ಸಾದಾ ಪೆಟ್ರೋಲೇ ಸಾಕೆನ್ನುವ ಅನಸುಬಾಯಿ

ಬೆಳಗಿನ ಆರಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ವಾಡಿಯಿಂದ ಶಹಾಬಾದ್ ಕಡೆಗೆ ಹೋಗುವ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಅನಸುಬಾಯಿ ಒದ್ದೆ ಬಟ್ಟೆ ಹಿಡಿದು ಪಂಪಿನ ಗಾಜು ಒರೆಸುತ್ತಿದ್ದಾರೆ. ಒರೆಸಿದಷ್ಟೂ ಬೂದು ಬಣ್ಣದ ಧೂಳು. ಸಿಮೆಂಟಿನದೋ, ಕಲ್ಲುಗಣಿಯ ಲಾರಿಗಳು ಎಬ್ಬಿಸಿದ್ದೋ ಹೇಳುವುದು ಕಷ್ಟ. ಸೀರೆಯ ಮೇಲೆ ತೊಟ್ಟ ನೀಲಿ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು ಅವರು ಪಂಪಿನ ಪಕ್ಕ ಬಂದು ನಿಲ್ಲುತ್ತಾರೆ. ಹತ್ತಿರದ ಸಿಮೆಂಟ್ ಕಾರ್ಖಾನೆಯ ರಾತ್ರಿ ಪಾಳಿ ಬಿಟ್ಟಿತೆಂದರೆ ಮೋಟರ್ ಸೈಕಲ್‌ಗಳು ಒಂದರ ಹಿಂದೊಂದು ನುಗ್ಗುತ್ತವೆ. ನಿದ್ದೆಗೆಟ್ಟ ಕಣ್ಣುಗಳು, ಸಿಡುಕು ಮೋರೆಗಳು. ಎಲ್ಲರಿಗೂ ಮನೆ ಸೇರುವ ಅವಸರ.

ಮೊದಲು ಬಂದವನು ಹೊಸ ಗಾಡಿಯ ಹುಡುಗ. ಎರಡು ಬಗೆಯ ಪೆಟ್ರೋಲಿನಲ್ಲಿ ದುಬಾರಿಯದನ್ನೇ ಹಾಕಿ ಎನ್ನುತ್ತಾನೆ. ಗಾಡಿಗೆ ಜೋರು ಬರುತ್ತದೆಂದು ಯಾರೋ ಹೇಳಿದ್ದಾರಂತೆ. ಅನಸುಬಾಯಿ ಗಾಡಿಯನ್ನೊಮ್ಮೆ ನೋಡುತ್ತಾರೆ, ಅವನನ್ನೊಮ್ಮೆ ನೋಡುತ್ತಾರೆ.

"ಈ ಗಾಡಿಗಿ ಸಾದಾನೇ ಸಾಕಪ್ಪ. ಗಾಡಿ ಸಂಗಟ ಬಂದ ಪುಸ್ತಕದಾಗ ಏನ್ ಬರ್ದದ ನೋಡು, ಅದ ಹಾಕಿಸು. ರೊಕ್ಕ ಹೆಚ್ಚ ಕೊಟ್ರ ಗಾಡಿ ಹೆಚ್ಚ ಓಡಂಗಿಲ್ಲ."

ಹುಡುಗ ಪೆಚ್ಚಾಗಿ ನಗುತ್ತಾನೆ, ಸಾದಾ ಪೆಟ್ರೋಲ್ ಹಾಕಿಸಿಕೊಂಡು ಹೋಗುತ್ತಾನೆ. ಬಂದವರಿಗೆಲ್ಲ ದುಬಾರಿಯದು ಬೇಕೇ ಎಂದು ಕೇಳಲೇಬೇಕೆಂಬುದು ಮ್ಯಾನೇಜರ್ ಲಕ್ಷ್ಮಿಕಾಂತನ ಕಟ್ಟಪ್ಪಣೆ. ಅನಸುಬಾಯಿ ಕೇಳುತ್ತಾರೆ, ಕೇಳದೆ ಬಿಡುವುದಿಲ್ಲ. ಆದರೆ ಅಗತ್ಯವಿಲ್ಲದವರಿಗೆ ಬೇಡ ಎಂದೂ ಹೇಳಿಬಿಡುತ್ತಾರೆ. ಈ ಲೆಕ್ಕಾಚಾರವನ್ನೆಲ್ಲ ಕಲಿಸಿದ್ದು ರಸ್ತೆಯ ಆಚೆ ಬದಿಯ ಮೆಕ್ಯಾನಿಕ್ ಕಲೀಮ್. ಚಹಾ ಕುಡಿಯುವ ಹೊತ್ತಿನಲ್ಲಿ ಕೇಳಿ ಕೇಳಿ ತಿಳಿದುಕೊಂಡದ್ದೇ ಹೊರತು ತನಗೇನು ಬರುತ್ತದೆ ಎನ್ನುತ್ತಾರೆ ಅವರು.

ಅನಸುಬಾಯಿಗೆ ಐವತ್ತರ ಹತ್ತಿರ. ಗಂಡ ನಾಮದೇವ ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಘಟಕದಲ್ಲಿದ್ದವರು. ಕಲ್ಲಿನ ಹುಡಿ ಎದೆಗಿಳಿದು, ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುವಂತಾದ ಮೇಲೆ ಮನೆಯಲ್ಲಿದ್ದಾರೆ. ರೊಟ್ಟಿ ಬಡಿಯುವುದನ್ನು ಈ ವಯಸ್ಸಿನಲ್ಲಿ ಕಲಿತಿದ್ದಾರೆ. ಅನಸುಬಾಯಿ ಬಂಕಿಗೆ ಬಂದದ್ದು ಕಸ ಗುಡಿಸಲು. ಪೆಟ್ರೋಲ್ ಹಾಕುತ್ತಿದ್ದವನೊಬ್ಬ ಹೇಳದೆ ಕೇಳದೆ ಕೆಲಸ ಬಿಟ್ಟ ದಿನ ಅವರ ಕೈಗೆ ಪೈಪು ಬಂತು. ಮೊದಮೊದಲು ಗಂಡಸರು ಗಾಡಿಯಿಂದ ಇಳಿದು ಮೀಟರಿಗೆ ಕಣ್ಣು ಅಂಟಿಸಿ ನಿಲ್ಲುತ್ತಿದ್ದರು. ಡೀಸೆಲ್ ಹಾಕಿಬಿಟ್ಟೀಯೆ ಎಂದು ನಗುತ್ತಿದ್ದವರೂ ಇದ್ದರು.

ಈಗ ಆ ನಗು ಇಲ್ಲ, ಬೇರೆ ಗೊಣಗಾಟವಿದೆ. ಪೆಟ್ರೋಲಿಗೆ ಇಥೆನಾಲ್ ಬೆರೆಸತೊಡಗಿದ ಮೇಲೆ ಮೈಲೇಜ್ ಬಿದ್ದಿದೆ, ಹಳೆ ಗಾಡಿಯ ರಬ್ಬರ್ ಹಾಳಾಗಿದೆ ಎಂದು ಜನ ಬೈಯುವುದು ಇವರನ್ನೇ. ಬೆರೆಸಿದವಳು ನಾನಲ್ಲ ಎಂದು ದಿನಕ್ಕೆ ಎಷ್ಟು ಸಲ ಹೇಳುವುದು? ಮಧ್ಯಾಹ್ನದ ಹೊತ್ತಿಗೆ ಕಾಂಕ್ರೀಟ್ ಕಾದು ಚಪ್ಪಲಿಯೊಳಗಿಂದ ಅಂಗಾಲು ಸುಡುತ್ತದೆ. ಪೆಟ್ರೋಲ್ ವಾಸನೆಗೆ ತಲೆ ಭಾರ. ಮನೆಗೆ ಹೋಗಿ ಎರಡೆರಡು ಸಲ ಸೋಪು ಹಚ್ಚಿ ತೊಳೆದರೂ ತುತ್ತಿನಲ್ಲಿ ಅದೇ ವಾಸನೆ.

ಇಷ್ಟೆಲ್ಲ ಸಹಿಸಿಕೊಂಡು ಬಂದ ಈ ಕೆಲಸ ಕಳೆದ ಮಳೆಗಾಲದಲ್ಲಿ ಒಂದು ದಿನ ಕೈಬಿಟ್ಟೇ ಹೋಗಿತ್ತು.

ಹಿಂದಿನ ಸಂಜೆಯಿಂದ ಬಿಡದೆ ಹೊಯ್ದ ಮಳೆ ಬೆಳಿಗ್ಗೆ ಜಿಟಿಜಿಟಿಗೆ ಇಳಿದಿತ್ತು. ನೆಲದಡಿಯ ಟ್ಯಾಂಕಿಗೆ ಅಳತೆ ಕೋಲು ಇಳಿಸಿ, ತಳದಲ್ಲಿ ನೀರಿದೆಯೇ ಎಂದು ನೋಡುವುದು ದಿನದ ಮೊದಲ ಕೆಲಸ. ಕೋಲಿನ ತುದಿಗೆ ಹಚ್ಚಿದ ಪೇಸ್ಟು ನೀರು ತಾಗಿದರೆ ಬಣ್ಣ ಬದಲಿಸುತ್ತದೆ. ಮಳೆಯಲ್ಲಿ ಮುಚ್ಚಳ ತೆಗೆಯುವುದು ಬೇಡವೆಂದು ಲಕ್ಷ್ಮಿಕಾಂತ ಅಂದು ಅದನ್ನು ಮುಂದೂಡಿದ. ಪಾಳಿ ಬಿಟ್ಟಿತು. ಅನಸುಬಾಯಿ ಬಂದವರಿಗೆಲ್ಲ ಪೆಟ್ರೋಲ್ ಹಾಕಿ ಕಳಿಸಿದರು.

ಸ್ವಲ್ಪ ಹೊತ್ತಿಗೆ ಒಬ್ಬ ಗಾಡಿ ತಳ್ಳಿಕೊಂಡು ವಾಪಸು ಬಂದ. ಅವನ ಹಿಂದೆ ಇನ್ನೊಬ್ಬ. ಲಕ್ಷ್ಮಿಕಾಂತ ಇಬ್ಬರನ್ನೂ ಕಲೀಮನ ಅಂಗಡಿಗೆ ಸಾಗಹಾಕಿದ. ಆಮೇಲೆ ಬಂದವನು ಭೀಮಾಶಂಕರ, ಕಾರ್ಖಾನೆಯ ಲೋಡಿಂಗ್ ವಿಭಾಗದವನು. ಪಾಳಿ ಮುಗಿಸಿ, ಇಲ್ಲೇ ಪೆಟ್ರೋಲ್ ಹಾಕಿಸಿಕೊಂಡು, ತಾಯಿ ಗುಂಡಮ್ಮನನ್ನು ಹಿಂದೆ ಕೂರಿಸಿಕೊಂಡು ಶಹಾಬಾದಿಗೆ ಹೊರಟಿದ್ದ. ಅವಳ ಕಣ್ಣಿನ ಆಪರೇಷನ್ ಆಗಿತ್ತು, ಅಂದು ಪಟ್ಟಿ ಬಿಚ್ಚಬೇಕಿತ್ತು. ನಡುದಾರಿಯಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಮಗ ಗಾಡಿ ತಳ್ಳುತ್ತಿದ್ದಾನೆ. ತಾಯಿಯ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಮುದುಕಿ ಗಾಡಿಯ ಹಿಂದಿನ ಕಂಬಿ ಹಿಡಿದುಕೊಂಡು, ಪಟ್ಟಿಯ ಮೇಲೆ ಸೆರಗು ಮುಚ್ಚಿ, ಕೆಸರಿನಲ್ಲಿ ಕಾಲೆಳೆಯುತ್ತ ನಡೆದು ಬರುತ್ತಿದ್ದಾಳೆ. ಬಂದವಳು ಬೈಯಲಿಲ್ಲ. ಪಂಪಿನ ಕಟ್ಟೆಯ ಮೇಲೆ ತಡವರಿಸಿ ಕೂತು, ಕುಡಿಯಲಿಕ್ಕೆ ನೀರು ಕೇಳಿದಳು.

ನೀರು ಕೊಟ್ಟು ಅನಸುಬಾಯಿ ಕಲೀಮನ ಅಂಗಡಿಗೆ ಹೋದರು. ಅವನು ಮೊದಲ ಗಾಡಿಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿದ್ದ. ಮೇಲೆ ತಿಳಿ, ಕೆಳಗೆ ಮಬ್ಬು ನೀರು, ನಡುವೆ ಗೆರೆ ಕೊರೆದ ಹಾಗೆ. ನೀರು ಸೇರಿದರೆ ಇಥೆನಾಲ್ ಅದರ ಜೊತೆ ಸೇರಿ ತಳಕ್ಕಿಳಿಯುತ್ತದೆ, ಅದೇ ಇದು ಎಂದ. ಅನಸುಬಾಯಿ ಬಂದು ಲಕ್ಷ್ಮಿಕಾಂತನಿಗೆ ಹೇಳಿದರು. ಅವರವರ ಗಾಡಿಗೆ ಮಳೆನೀರು ಹೋಗಿರಬೇಕು, ಸುಮ್ಮನೆ ಹಾಕು ಎಂಬ ಉತ್ತರ ಬಂತು. ಬಂಕು ನಿಂತರೆ ಮಾಲೀಕರಿಗೆ ಏನು ಹೇಳುವುದೆಂಬ ಹೆದರಿಕೆ ಅವನಿಗೆ.

ಅನಸುಬಾಯಿಗೂ ಹೆದರಿಕೆಯಿತ್ತು. ಮನೆಯಲ್ಲಿ ದುಡಿಯುವ ಕೈ ಅವರದೊಂದೇ. ಸಾಲು ಬೆಳೆಯುತ್ತಿತ್ತು, ಹಾರ್ನು ಹೊಡೆಯುತ್ತಿದ್ದರು. ಅವರು ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿ ಸಾಲಿನ ಕಡೆಗೆ ತಿರುಗಿದರು.

"ಇವತ್ತ ಇಲ್ಲಿ ಹಾಕಿಸಬ್ಯಾಡ್ರಿ. ಪೆಟ್ರೋಲ್‌ನಾಗ ನೀರು ಅದ. ನಾ ಹಾಕಂಗಿಲ್ಲ."

ಸಾಲು ಕರಗಿತು. ನಾಳೆಯಿಂದ ಬರಬೇಡ ಎಂದ ಲಕ್ಷ್ಮಿಕಾಂತ. ಕಲೀಮ್ ಭೀಮಾಶಂಕರನ ಗಾಡಿಯ ಟ್ಯಾಂಕ್ ಖಾಲಿ ಮಾಡಿ ಒರೆಸಿ, ತನ್ನ ಗಾಡಿಯ ಪೆಟ್ರೋಲನ್ನೇ ತೆಗೆದು ಹಾಕಿ ತಾಯಿ ಮಗನನ್ನು ಕಳಿಸಿಕೊಟ್ಟ. ಅನಸುಬಾಯಿ ಒದ್ದೆಯಾದ ಅಂಗಿಯಲ್ಲೇ ಮನೆಗೆ ನಡೆದರು. ನಾಮದೇವ ಎಲ್ಲವನ್ನೂ ಕೇಳಿಸಿಕೊಂಡು ಊಟದ ಗಂಗಾಳ ಮುಂದಿಟ್ಟು ಹೇಳಿದ್ದು ಇಷ್ಟೇ: "ಮಾಡಿದ್ದು ಚಲೋ ಮಾಡಿದಿ. ಉಣ್ಣು."

ಮರುದಿನದಿಂದ ತೊಗರಿ ಹೊಲದಲ್ಲಿ ಕಳೆ ತೆಗೆಯಲು ಹೋದರು. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ನಸುಕಿಗೇ ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ. ಅತ್ತ ಬಂಕಿನಲ್ಲಿ ಇನ್ನಷ್ಟು ಗಾಡಿಗಳು ವಾಪಸು ಬಂದವು, ಮಾಲೀಕರು ಟ್ಯಾಂಕ್ ತೆರೆಸಿದರು. ಮುಚ್ಚಳದ ಸುತ್ತಿನ ರಬ್ಬರ್ ಸೀಳಿ ಮಳೆನೀರು ಜಿನುಗಿತ್ತು. ಟ್ಯಾಂಕ್ ಸ್ವಚ್ಛ ಮಾಡಿಸಿ ಮತ್ತೆ ತುಂಬಿಸಿದರೂ ಪಾಳಿಯ ಜನ ಅತ್ತ ಹಾಯಲಿಲ್ಲ. ಬಂದ ಒಬ್ಬಿಬ್ಬರು ಅನಸುಬಾಯಿ ಎಲ್ಲಿ ಎಂದು ಕೇಳಿ, ಇಲ್ಲವೆಂದರೆ ಮುಂದಕ್ಕೆ ಹೋದರು. ಕೊನೆಗೆ ಲಕ್ಷ್ಮಿಕಾಂತನೇ ಫೋನು ಮಾಡಿದ. ದಿನಾ ಬೆಳಿಗ್ಗೆ ತನ್ನ ಕಣ್ಣೆದುರಿಗೇ ಅಳತೆ ಕೋಲು ಇಳಿಸಬೇಕು, ಹಾಗಾದರೆ ಬರುತ್ತೇನೆ ಎಂದರು ಅನಸುಬಾಯಿ. ಅವನು ಒಪ್ಪಿದ. ಈಗ ಕೋಲು ನೋಡದೆ ಅವರು ಪೈಪು ಮುಟ್ಟುವುದಿಲ್ಲ.

"ಯಾರೂ ತಪ್ಪಾಯ್ತು ಅನ್ಲಿಲ್ಲರಿ. ನಾನೂ ಕೇಳ್ಲಿಲ್ಲ. ಅದೆಲ್ಲ ಮನಸ್ನಾಗ ಇಟ್ಕೊಂಡ್ರ ದಿನಾ ಹ್ಯಾಂಗ ನಿಂದ್ರಬೇಕು? ನಿಂತು ನಿಂತು ಭಾಳ ಸಾಕಾಗ್ಯದ. ಗಾಡಿ ಇಲ್ಲದಾಗ ಕುಂದ್ರಲಿಕ್ಕ ಒಂದ್ ಕುರ್ಚಿ ಕೊಟ್ರ ಸಾಕು, ಮತ್ತೇನೂ ಬ್ಯಾಡ."

ಕುರ್ಚಿ ಇನ್ನೂ ಬಂದಿಲ್ಲ. ಮಳೆ ಮುಗಿದ ಮೇಲೆ ಒಂದು ದಿನ ಭೀಮಾಶಂಕರ ಬಂದ, ಹಿಂದೆ ಕಪ್ಪು ಕನ್ನಡಕದ ಗುಂಡಮ್ಮ. ಕಣ್ಣು ಚೆನ್ನಾಗಿ ಕಾಣತೊಡಗಿತ್ತು. ಅಂದು ನೀರು ಕೊಟ್ಟವರು ಇವರೇ ಎಂದು ಮಗ ತೋರಿಸಿದಾಗ ಗುಂಡಮ್ಮ ಕನ್ನಡಕ ಮೇಲೆತ್ತಿ, ಅನಸುಬಾಯಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಇಷ್ಟ ಸಣ್ಣಾಕಿ ಅದಿ ಏನವ್ವಾ ನೀ? ಅವತ್ತ ನಿನ್ನ ದನಿ ಕೇಳಿ ಯಾರೋ ದೊಡ್ಡ ಆಳು ಅನ್ಕೊಂಡಿದ್ದೆ."

ಗುಂಡಮ್ಮನ ಆ ಮಾತನ್ನು ಈಗ ನೆನೆದು ಹೇಳುವಾಗ ಅನಸುಬಾಯಿಯ ದಣಿದ ಮುಖದಲ್ಲಿ ಒಂದು ಗಳಿಗೆ ನಗು ಮೂಡುತ್ತದೆ. ಅಷ್ಟರಲ್ಲಿ ಮತ್ತೊಂದು ಗಾಡಿ ಬಂದು ನಿಲ್ಲುತ್ತದೆ. ಪೈಪು ಎತ್ತಿಕೊಳ್ಳುತ್ತ ಅವರು ಮೆಲ್ಲಗೆ ಅನ್ನುತ್ತಾರೆ:

"ಅವತ್ತ ನನ್ನ ಕಾಲು ಗಡಗಡ ನಡುಗ್ಲಿಕತ್ತಿದ್ವು ನೋಡ್ರಿ. ಮುದುಕಿಗಿ ಕಾಣ್ಲಿಲ್ಲ, ಚಲೋ ಆಯ್ತು."